ಸರ್ಕಾರದ ಹಣದಲ್ಲಿ ಶಿಶುಪಾಲನಾ ಕೇಂದ್ರ: ಪಾಲನಾ ಯೋಜನೆಯ ನಿಯಮಗಳನ್ನು ದಿನದಿನದ ಕೆಲಸದಲ್ಲಿ ಪಾಲಿಸುವುದು ಹೇಗೆ

ಪಾಲನಾ ಯೋಜನೆಯ ಹಣದಲ್ಲಿ ನಡೆಯುವ ಶಿಶುಪಾಲನಾ ಕೇಂದ್ರವನ್ನು ಹೆಚ್ಚು ಹೊತ್ತು ತೆರೆದಿರುವ ಅಂಗನವಾಡಿ ಎಂದುಕೊಂಡರೆ ಮೊದಲ ತಿಂಗಳಲ್ಲೇ ತೊಂದರೆ ಶುರುವಾಗುತ್ತದೆ. ಅಂಗನವಾಡಿಯಲ್ಲಿ ದಿನವಿಡೀ ಕೂರುವವರು ಹೆಚ್ಚಾಗಿ ಮೂರು ವರ್ಷ ದಾಟಿದ ಮಕ್ಕಳು. ಹಸಿವಾದರೆ ಬಾಯಿಬಿಟ್ಟು ಹೇಳುತ್ತಾರೆ, ಬೇಕಾದಾಗ ಎದ್ದು ಹೋಗುತ್ತಾರೆ. ಶಿಶುಪಾಲನಾ ಕೇಂದ್ರಕ್ಕೆ ಆರು ತಿಂಗಳ ಕೂಸೂ ಬರುತ್ತದೆ. ಅದಕ್ಕೆ ಹಾಲು, ನಿದ್ದೆ, ಒದ್ದೆ ಬಟ್ಟೆ, ಜ್ವರ ಎಲ್ಲವನ್ನೂ ಇನ್ನೊಬ್ಬರು ನೋಡಿ ತಿಳಿಯಬೇಕು. ಯೋಜನೆಯ ನಿಯಮಗಳಲ್ಲಿ ಬಹುಪಾಲು ಹುಟ್ಟಿರುವುದು ಈ ಪುಟ್ಟ ಮಕ್ಕಳಿಗಾಗಿ, ತಾಯಿ ದೂರವಿರುವ ಗಂಟೆಗಳಿಗಾಗಿ. ಹಾಗೆ ಓದಿಕೊಂಡರೆ ನಿಯಮಗಳು ನೆನಪಿನಲ್ಲೂ ಉಳಿಯುತ್ತವೆ.

ಯೋಜನೆಯ ಹಿನ್ನೆಲೆ ಇಷ್ಟು. 2006ರ ಜನವರಿಯಿಂದ ರಾಜೀವ್ ಗಾಂಧಿ ರಾಷ್ಟ್ರೀಯ ಕ್ರೆಶ್ ಯೋಜನೆ ಇತ್ತು (ಕ್ರೆಶ್ ಎಂದರೆ ಶಿಶುಪಾಲನಾ ಕೇಂದ್ರ). 2017ರ ಜನವರಿಯಿಂದ ಅದು ರಾಜ್ಯಗಳ ಮೂಲಕ ನಡೆಯುವ ರಾಷ್ಟ್ರೀಯ ಕ್ರೆಶ್ ಯೋಜನೆಯಾಯಿತು. 2022ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರದ ಮಹಿಳಾ ಕಾರ್ಯಕ್ರಮವಾದ ಮಿಷನ್ ಶಕ್ತಿಯ 'ಸಾಮರ್ಥ್ಯ' ವಿಭಾಗದಡಿ 'ಪಾಲನಾ' ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ಎರಡು ಬಗೆಯ ಕೇಂದ್ರಗಳಿವೆ: ಪ್ರತ್ಯೇಕವಾಗಿ ನಡೆಯುವವು ಮತ್ತು ಅಂಗನವಾಡಿಯ ಜೊತೆಗೇ ನಡೆಯುವ 'ಅಂಗನವಾಡಿ ಕಂ ಕ್ರೆಶ್'. ಎರಡನೆಯ ಬಗೆಯಲ್ಲಿ ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿಯ ಜೊತೆಗೆ ಕ್ರೆಶ್‌ಗೆಂದೇ ಇನ್ನೊಬ್ಬ ಕಾರ್ಯಕರ್ತೆ, ಇನ್ನೊಬ್ಬ ಸಹಾಯಕಿ ಇರುತ್ತಾರೆ. ಈ ಬಗೆಯ 17,000 ಹೊಸ ಕೇಂದ್ರ ತೆರೆಯುವ ಗುರಿ ಇಟ್ಟುಕೊಂಡಿದ್ದರು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿರುವ 'ಕೂಸಿನ ಮನೆ' 2023-24ರ ರಾಜ್ಯ ಬಜೆಟ್‌ನಲ್ಲಿ ಬಂದ ಬೇರೆ ಯೋಜನೆ. ಅದರ ಹಣದ ಲೆಕ್ಕ ಬೇರೆ, ಆದೇಶಗಳೂ ಬೇರೆ. ಕೆಳಗಿನ ಹಣಕಾಸಿನ ಮಾತು ಪಾಲನಾಕ್ಕೆ ಮಾತ್ರ. ಮಗುವಿನ ಆರೈಕೆಯ ಭಾಗ ಎರಡಕ್ಕೂ ಹೊಂದುತ್ತದೆ.

ಯಾರನ್ನು ಸೇರಿಸಿಕೊಳ್ಳಬೇಕು?

ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳನ್ನು, ಒಂದು ಕೇಂದ್ರಕ್ಕೆ 25ರವರೆಗೆ. ಹಳೆಯ ಯೋಜನೆಯಲ್ಲಿ ತಾಯಿ ತಿಂಗಳಿಗೆ ಕನಿಷ್ಠ 15 ದಿನ ಅಥವಾ ವರ್ಷಕ್ಕೆ ಆರು ತಿಂಗಳು ದುಡಿಯುತ್ತಿರಬೇಕು ಎಂದಿತ್ತು. ಪಾಲನಾದಲ್ಲಿ ಆ ಷರತ್ತು ಇಲ್ಲ, ತಾಯಿ ಕೆಲಸಕ್ಕೆ ಹೋಗಲಿ ಬಿಡಲಿ ಮಗುವನ್ನು ಸೇರಿಸಿಕೊಳ್ಳಬೇಕು. ಈಗಲೂ ಕೆಲವು ಕಡೆ ಹಳೆಯ ಅರ್ಜಿ ನಮೂನೆಯನ್ನೇ ಜೆರಾಕ್ಸ್ ಮಾಡಿ ಉದ್ಯೋಗದ ಪತ್ರ ಕೇಳುತ್ತಾರೆ. ಕೂಲಿ ಮಾಡುವವರು, ಮನೆಗೆಲಸದವರು, ಬೀದಿಬದಿ ವ್ಯಾಪಾರ ಮಾಡುವವರು ಅಂಥ ಪತ್ರ ತರುವುದಾದರೂ ಎಲ್ಲಿಂದ? ಕೇಳಲೇಬೇಡಿ.

ದಾಖಲಾತಿಯ ದಿನ ಪಡೆಯಬೇಕಾದದ್ದು: ತಾಯಿ ಕಾರ್ಡ್ ಅಥವಾ ಲಸಿಕೆ ಕಾರ್ಡಿನ ಪ್ರತಿ, ಜನನ ದಿನಾಂಕ, ತಾಯಿಯ ಆಧಾರ್ ವಿವರ, ಎರಡು ಫೋನ್ ನಂಬರ್, ಅಲರ್ಜಿ ಅಥವಾ ಫಿಟ್ಸ್ ಇದ್ದರೆ ಅದರ ಮಾಹಿತಿ. ಮಕ್ಕಳ ವಿವರ ತುಂಬುವ ಸರ್ಕಾರಿ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಮಗುವಿನ ಆಧಾರ್ ಕಡ್ಡಾಯವಿಲ್ಲ, ತಾಯಿಯದ್ದು ಸಾಕು. ಮಗುವಿಗೆ ಆಧಾರ್ ಆಗಿಲ್ಲ ಎಂದು ವಾಪಸ್ ಕಳಿಸುವುದು ತಪ್ಪು. ಲಸಿಕೆ ಬಾಕಿ ಇದ್ದರೂ ಸೇರಿಸಿಕೊಳ್ಳಿ. ಬಾಕಿ ಲಸಿಕೆಯ ಹೆಸರು ಬರೆದಿಟ್ಟು ಅದೇ ವಾರ ಆಶಾ ಕಾರ್ಯಕರ್ತೆಗೆ ತಿಳಿಸಿ. 9 ತಿಂಗಳಿಗೆ ಬರುವ ದಡಾರ-ರುಬೆಲ್ಲಾ ಮೊದಲ ಡೋಸು, 16ರಿಂದ 24 ತಿಂಗಳ ನಡುವಿನ ಎರಡನೇ ಡೋಸು, ಇವೆರಡೇ ಹೆಚ್ಚಾಗಿ ಬಿಟ್ಟುಹೋಗಿರುತ್ತವೆ. ತಾಯಿ ಆ ಹೊತ್ತಿಗೆ ಮತ್ತೆ ಕೆಲಸಕ್ಕೆ ಹೋಗತೊಡಗಿರುತ್ತಾಳೆ, ಲಸಿಕೆಯ ದಿನ ಊರಲ್ಲಿ ಇರುವುದಿಲ್ಲ.

ಅಂಗನವಾಡಿಗೂ ಕ್ರೆಶ್‌ಗೂ ಒಂದೇ ಮಗುವಿನ ಹೆಸರಿದ್ದರೆ ಪೌಷ್ಟಿಕ ಆಹಾರವನ್ನು ಯಾವ ಕಡೆಯಿಂದ ಕೊಡುತ್ತೀರಿ ಎಂದು ಮೊದಲೇ ಮೇಲ್ವಿಚಾರಕಿಯ ಜೊತೆ ಕೂತು ತೀರ್ಮಾನಿಸಿ, ಬರೆದಿಡಿ. ಒಂದೇ ಆಹಾರವನ್ನು ಎರಡು ವಹಿಯಲ್ಲಿ ಖರ್ಚು ಹಾಕಿದ್ದು ಆಡಿಟ್‌ನಲ್ಲಿ ಕಂಡರೆ ಉದ್ದೇಶ ಒಳ್ಳೆಯದಿತ್ತು ಎಂದರೆ ಯಾರೂ ಕೇಳುವುದಿಲ್ಲ.

ಸಮಯ ಮತ್ತು ಹಾಜರಾತಿ

ನಿಯಮದ ಪ್ರಕಾರ ಕೇಂದ್ರ ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ ತೆರೆದಿರಬೇಕು. ಯಾವ ಏಳೂವರೆ ಗಂಟೆ ಎಂಬುದನ್ನು ಊರಿನ ಕೆಲಸ ನೋಡಿ ಇಟ್ಟುಕೊಳ್ಳಬೇಕು. ಕೊಡಗಿನ ಕಾಫಿ ತೋಟದ ಲೈನ್‌ಮನೆ ಪಕ್ಕದ ಕೇಂದ್ರ ಹತ್ತು ಗಂಟೆಗೆ ಬಾಗಿಲು ತೆರೆದರೆ ಯಾರಿಗೂ ಉಪಯೋಗವಿಲ್ಲ. ಗಾರ್ಮೆಂಟ್ಸ್ ಕೆಲಸಗಾರ್ತಿಯರು ಇರುವ ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಯಂಥ ಕಡೆ ಪಾಳಿಗೆ ಮೊದಲು ಅರ್ಧ ಗಂಟೆ, ಪಾಳಿ ಬಿಟ್ಟ ಮೇಲೆ ಬಸ್ಸಿನ ಹೊತ್ತು ಎರಡೂ ಸೇರಬೇಕು. ಅಲ್ಲಿ ಏಳೂವರೆ ಗಂಟೆ ಸಾಲದು. ಕಾರ್ಯಕರ್ತೆ ಮತ್ತು ಸಹಾಯಕಿಯ ಬರುವ ಹೊತ್ತು, ಹೋಗುವ ಹೊತ್ತನ್ನು ಮುಂದೆ ಹಿಂದೆ ಮಾಡಿ ಹೊಂದಿಸುವುದೊಂದೇ ದಾರಿ. ಆದರೂ ಒಂದೇ ಒಂದು ಮಗು ಉಳಿದಿದ್ದಾಗಲೂ ಇಬ್ಬರು ದೊಡ್ಡವರು ಇರಲೇಬೇಕು ಎಂದು ಹಟ ಹಿಡಿಯಿರಿ. ಇಬ್ಬರಲ್ಲಿ ಒಬ್ಬರು ಇಲ್ಲದ ಸಂಜೆಯೇ ಮಗು ಬೀಳುವುದು, ಆಸ್ಪತ್ರೆಗೆ ಓಡಬೇಕಾಗುವುದು.

ಹಾಜರಾತಿಯನ್ನು 'ಹಾಜರು' ಎಂದು ಟಿಕ್ ಹಾಕಿ ಬಿಡಬೇಡಿ. ಮಗು ಬಂದ ಗಂಟೆ, ಹೋದ ಗಂಟೆ, ಬಿಟ್ಟವರ ಸಹಿ ಅಥವಾ ಹೆಬ್ಬೆಟ್ಟು, ಕರೆದೊಯ್ದವರ ಸಹಿ ಎಂದು ನಾಲ್ಕು ಅಂಕಣ ಎಳೆಯಿರಿ. ಇದನ್ನು ಆಗಿಂದಾಗಲೇ ತುಂಬಿ. ತಿಂಗಳ ಕೊನೆಯಲ್ಲಿ ಕೂತು ತುಂಬಿದ ವಹಿ ನೋಡಿದ ತಕ್ಷಣ ಗೊತ್ತಾಗುತ್ತದೆ: ಒಂದೇ ಶಾಯಿ, ಒಂದೇ ಕೈಬರಹ, ಮಳೆ ಸುರಿದ ದಿನವೂ 25ಕ್ಕೆ 25. ಊಟದ ಲೆಕ್ಕ, ಹಾಲಿನ ಲೆಕ್ಕ, ಅನುದಾನದ ಲೆಕ್ಕ ಎಲ್ಲ ಈ ವಹಿಯ ಮೇಲೆ ನಿಂತಿರುತ್ತವೆ. ಇದು ಸುಳ್ಳಾದರೆ ಉಳಿದದ್ದೂ ಸುಳ್ಳಾಯಿತು. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಬೆಂಕಿಯೋ ಭೂಕಂಪವೋ ಆಗಿ ಮಕ್ಕಳನ್ನು ಹೊರಗೆ ಕರೆತಂದಾಗ ಒಳಗೆ ಎಷ್ಟು ಜನ ಇದ್ದರು ಎಂದು ಹೇಳಬಲ್ಲದ್ದು ಆ ಹಾಳೆ ಮಾತ್ರ.

ಮಗುವನ್ನು ಯಾರ ಕೈಗೆ ಕೊಡಬೇಕು ಎಂಬ ಪಟ್ಟಿ ದಾಖಲಾತಿಯ ದಿನವೇ ಆಗಬೇಕು. ಗರಿಷ್ಠ ಮೂವರ ಹೆಸರು, ಸಾಧ್ಯವಾದರೆ ಫೋಟೊ. ಎಂಟು ವರ್ಷದ ಅಕ್ಕನನ್ನು ಕಳಿಸಿ ತಮ್ಮನನ್ನು ಕರೆದುಕೊಂಡು ಬಾ ಎನ್ನುವುದು ನಮ್ಮ ಊರುಗಳಲ್ಲಿ ಮಾಮೂಲು. ಅದಕ್ಕೆ ಒಪ್ಪಬೇಡಿ, ತಾಯಿಗೆ ಕಾರಣ ಬಿಡಿಸಿ ಹೇಳಿ. ಪಟ್ಟಿಯಲ್ಲಿಲ್ಲದ ಚಿಕ್ಕಪ್ಪ ಬಂದರೆ ಮಗು ಅವನನ್ನು ಗುರುತು ಹಿಡಿದರೂ ತಾಯಿಗೆ ಫೋನ್ ಮಾಡಿಯೇ ಕಳಿಸಿ. ಕುಡಿದು ಬಂದ ತಂದೆಯ ವಿಷಯ ಕಷ್ಟದ್ದು. ವಾದ ಮಾಡದೆ ಕೂರಿಸಿ, ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಫೋನ್ ಮಾಡಿ. ಜಗಳಕ್ಕೆ ಬಂದರೆ 112.

ಜಾಗ ಮತ್ತು ಜನ

ಹಳೆಯ ಕ್ರೆಶ್ ಯೋಜನೆ ಕೇಳಿದ್ದು ಒಂದು ಮಗುವಿಗೆ 6ರಿಂದ 8 ಚದರಡಿ. ಹೆರಿಗೆ ಸೌಲಭ್ಯ ಕಾಯ್ದೆಯಡಿ ಕೇಂದ್ರ ಸಚಿವಾಲಯ 2018ರಲ್ಲಿ ಕೊಟ್ಟ ರಾಷ್ಟ್ರೀಯ ಕನಿಷ್ಠ ಮಾರ್ಗಸೂಚಿ 10ರಿಂದ 12 ಚದರಡಿ ಎನ್ನುತ್ತದೆ. 25 ಮಕ್ಕಳಿಗೆ ಮೊದಲ ಲೆಕ್ಕದಲ್ಲಿ 150-200, ಎರಡನೆಯದರಲ್ಲಿ 250-300 ಚದರಡಿ ಆಗುತ್ತದೆ. ಕೋಣೆ ಹುಡುಕುವಾಗ ಎರಡನೆಯದನ್ನೇ ಹಿಡಿಯಿರಿ. ಅಂಬೆಗಾಲಿಡುವ ಕೂಸು, ಓಡುವ ಐದು ವರ್ಷದ ಮಗು ಒಂದೇ ಇಕ್ಕಟ್ಟಿನಲ್ಲಿದ್ದರೆ ಬೆರಳು ತುಳಿಯುವುದು ದಿನದ ಮಾತಾಗುತ್ತದೆ. ಚಾಪೆ ಹಾಸಿ ಮೂಲೆಯೊಂದನ್ನು ಕೂಸುಗಳಿಗೆಂದೇ ಬೇರೆ ಮಾಡಿ, ನಡುವೆ ಮೊಣಕಾಲೆತ್ತರದ ಅಡ್ಡಗಟ್ಟು ಇಡಿ.

ನೆಲಮಹಡಿ ಆಗಿರಲಿ. ಗ್ಯಾಸ್ ಸಿಲಿಂಡರು ಮಕ್ಕಳ ಕೋಣೆಯಲ್ಲಿ ಬೇಡ. ಪ್ಲಗ್ ಪಾಯಿಂಟುಗಳಿಗೆ ಮುಚ್ಚಳ, ಫಿನಾಯಿಲ್, ಬ್ಲೀಚಿಂಗ್ ಪುಡಿ, ಔಷಧಿಗೆ ಬೀಗವಿರುವ ಕಪಾಟು. ನೀರು ತುಂಬಿದ ಬಕೆಟ್ಟನ್ನು ಕೆಳಗೆ ಬಿಡಬೇಡಿ: ತಲೆಭಾರ ಹೆಚ್ಚಿರುವ ಒಂದು ವರ್ಷದ ಮಗು ಬಗ್ಗಿ ನೋಡಲು ಹೋಗಿ ತಲೆಕೆಳಗಾಗಿ ಬಿದ್ದರೆ ಮೇಲೆ ಏಳಲಾರದು, ಕೂಗಲೂ ಆಗದು. ನೆಲಸಂಪಿನ ಮುಚ್ಚಳಕ್ಕೂ ಬೀಗ ಇರಲಿ.

2018ರ ಆ ಮಾರ್ಗಸೂಚಿಯ ಪ್ರಕಾರ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ತರಬೇತಾದ ಕಾರ್ಯಕರ್ತೆ, ಜೊತೆಗೊಬ್ಬ ಸಹಾಯಕಿ. ಮೂರು ದಾಟಿದವರಿಗೆ ಇಪ್ಪತ್ತಕ್ಕೆ ಒಬ್ಬರು. ಪಾಲನಾ ಕೊಡುವುದು ಒಬ್ಬ ಕ್ರೆಶ್ ಕಾರ್ಯಕರ್ತೆಯನ್ನು. ಹಾಗಾಗಿ 25ರಲ್ಲಿ ಎಷ್ಟು ಕೂಸುಗಳು ಎಂಬುದೇ ನಿಮ್ಮ ನಿಜವಾದ ಮಿತಿ. ಮೂರರೊಳಗಿನ ಹನ್ನೊಂದನೇ ಮಗುವನ್ನು ಸೇರಿಸಿಕೊಳ್ಳುವ ಮೊದಲು ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ (ಸಿಡಿಪಿಒ) ಪತ್ರ ಬರೆದು ಜನ ಕೇಳಿ. ಕೆಲಸಕ್ಕೆ ಬರುವ ಪ್ರತಿಯೊಬ್ಬರದ್ದೂ ಪೊಲೀಸ್ ಪರಿಶೀಲನಾ ಪತ್ರ ಕಡತದಲ್ಲಿರಲಿ. ಅಡುಗೆಯವರು, ಬದಲಿಗೆ ಬಂದವರು, ಕೇಂದ್ರದಲ್ಲೇ ಉಳಿಯುವ ಗಂಡನೋ ಮಗನೋ ಇದ್ದರೆ ಅವರೂ ಸೇರಿ.

ಹಾಲು, ಊಟ

ಎದೆಹಾಲು ಕುಡಿಯುವ ಕೂಸಿನ ತಾಯಿ ಬಂದು ಹಾಲೂಡಿಸಲು ಮರೆಯಿರುವ ಮೂಲೆ, ಗೋಡೆಗೊರಗುವ ಜಾಗ ಕೊಡಿ. ಹಿಂಡಿ ತಂದ ಹಾಲಿನ ಬಟ್ಟಲಿಗೆ ಮಗುವಿನ ಹೆಸರು, ಹಿಂಡಿದ ಹೊತ್ತು ಬರೆದ ಪಟ್ಟಿ ಅಂಟಿಸಿ. ಫ್ರಿಜ್ ಇಲ್ಲದಿದ್ದರೆ ನಾಲ್ಕು ಗಂಟೆಯೊಳಗೆ ಕುಡಿಸಿ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಅಷ್ಟು ಹೊತ್ತೂ ಇಡಬೇಡಿ. ಬಾಟಲಿ ಬೇಡ, ಲೋಟ-ಚಮಚ ಅಥವಾ ಒಳಲೆ ಸಾಕು. ಬಾಟಲಿಯ ನಿಪ್ಪಲ್ ಸರಿಯಾಗಿ ತೊಳೆಯಲಾಗದೆ ಭೇದಿ ಬರುತ್ತದೆ.

ಆರರಿಂದ ಎಂಟು ತಿಂಗಳ ಕೂಸಿಗೆ ಎದೆಹಾಲಿನ ಜೊತೆ ದಿನಕ್ಕೆ ಎರಡು-ಮೂರು ಬಾರಿ ಮೆತ್ತಗಿನ ಆಹಾರ, ಎರಡು-ಮೂರು ಚಮಚದಿಂದ ಶುರುಮಾಡಿ ಸಲಕ್ಕೆ ಅರ್ಧ ಬಟ್ಟಲವರೆಗೆ (250 ಮಿಲಿ ಬಟ್ಟಲು). ಒಂದು ವರ್ಷ ದಾಟಿದ ಮೇಲೆ ಮುಕ್ಕಾಲರಿಂದ ಪೂರ್ತಿ ಬಟ್ಟಲು. ರಾಗಿ ಸರಿ ನೀರಾಗಿದ್ದರೆ ಹೊಟ್ಟೆ ತುಂಬಿದಂತೆ ಕಾಣುತ್ತದೆ, ತೂಕ ಏರುವುದಿಲ್ಲ. ಚಮಚ ಓರೆ ಮಾಡಿದರೆ ಜಾರದೆ ನಿಲ್ಲುವಷ್ಟು ಗಟ್ಟಿಯಿರಲಿ, ಮೇಲೆ ಅರ್ಧ ಚಮಚ ತುಪ್ಪವೋ ಎಣ್ಣೆಯೋ. ಒಂದು ವರ್ಷದೊಳಗೆ ಜೇನುತುಪ್ಪ ಬೇಡ. ಇಡೀ ಕಡಲೆಬೀಜ, ಹುರಿಗಡಲೆ, ದ್ರಾಕ್ಷಿ ಐದು ವರ್ಷದವರೆಗೂ ಬೇಡ, ಗಂಟಲಿಗೆ ಸಿಕ್ಕುತ್ತವೆ.

ಪೂರಕ ಪೌಷ್ಟಿಕ ಆಹಾರದ ಮಾನದಂಡ ಆರು ತಿಂಗಳಿಂದ ಆರು ವರ್ಷದವರೆಗೆ ದಿನಕ್ಕೆ 500 ಕಿಲೊಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು. ತೀವ್ರ ಅಪೌಷ್ಟಿಕ ಮಕ್ಕಳಿಗೆ 800 ಕಿಲೊಕ್ಯಾಲೊರಿ, 20ರಿಂದ 25 ಗ್ರಾಂ. ಅಡುಗೆ ಆದ ಮೇಲೆ ಮೊದಲು ಕಾರ್ಯಕರ್ತೆ ತಿಂದು ನೋಡಿ, ರುಚಿ ನೋಡಿದ್ದಕ್ಕೆ ವಹಿಯಲ್ಲಿ ಸಹಿ ಹಾಕಿ, ಆಮೇಲೆ ಬಡಿಸಿ. ಒಂದು ಬಟ್ಟಲು ಆಹಾರವನ್ನು ಸಂಜೆಯವರೆಗೆ ಮುಚ್ಚಿ ತೆಗೆದಿಡಿ. ಯಾವ ಮಗುವಿಗಾದರೂ ವಾಂತಿ ಶುರುವಾದರೆ ಪರೀಕ್ಷೆಗೆ ಕಳಿಸಲು ಅದು ಬೇಕು.

ನಿದ್ದೆ

ಒಂದು ವರ್ಷದೊಳಗಿನ ಕೂಸನ್ನು ಅಂಗಾತ ಮಲಗಿಸಿ. ದಿಂಬು, ದಪ್ಪ ಕೌದಿ, ಮುಖದ ಹತ್ತಿರ ಬಟ್ಟೆ ಬೇಡ. ಸೀರೆ ಜೋಲಿ ನಮ್ಮ ಮನೆಗಳಲ್ಲಿ ಸಾಮಾನ್ಯ, ತಾಯಂದಿರೂ ಕೇಳುತ್ತಾರೆ. ಮನೆಯಲ್ಲಿ ಪಕ್ಕದಲ್ಲೇ ಒಬ್ಬರು ಇರುತ್ತಾರೆ, ಕೇಂದ್ರದಲ್ಲಿ ಕೈಗಳು ಕಡಿಮೆ. ನಾಲ್ಕು ವರ್ಷದ ಮಗು ಆಟಕ್ಕೆಂದು ಜೋಲಿಗೆ ಕತ್ತು ಹಾಕಿದರೆ ಸೀರೆ ಬಿಗಿಯುತ್ತದೆ. ಚಾಪೆಯ ಮೇಲೆ ಗಟ್ಟಿ ಹಾಸಿಗೆಯೇ ಒಳ್ಳೆಯದು. ಮಲಗಿದ ಕೂಸುಗಳನ್ನು ಕಾಲು ಗಂಟೆಗೊಮ್ಮೆ ಹತ್ತಿರ ಹೋಗಿ ಉಸಿರು, ಬೆವರು ನೋಡಿ.

ತೂಕ, ಎತ್ತರ, ತೋಳಿನ ಸುತ್ತಳತೆ

ತಿಂಗಳಿಗೊಮ್ಮೆ, ಒಂದೇ ದಿನ, ಊಟಕ್ಕೆ ಮೊದಲು. ತಕ್ಕಡಿ ಸಮತಟ್ಟಾದ ನೆಲದ ಮೇಲಿರಲಿ, ಸೊನ್ನೆ ತೋರಿಸಿದ ಮೇಲೆ ಮಗುವನ್ನು ನಿಲ್ಲಿಸಿ. ದಪ್ಪ ಬಟ್ಟೆ, ಕಾಲ್ಗೆಜ್ಜೆ ತೆಗೆಯಿರಿ. ಎರಡು ವರ್ಷದೊಳಗಿನವರ ಉದ್ದವನ್ನು ಮಲಗಿಸಿ, ದೊಡ್ಡವರ ಎತ್ತರವನ್ನು ನಿಲ್ಲಿಸಿ ಅಳೆಯಬೇಕು. ಎರಡರೊಳಗಿನ ಮಗು ಮಲಗಲು ಒಪ್ಪದೆ ನಿಲ್ಲಿಸಿ ಅಳೆದಿದ್ದರೆ ಬಂದ ಅಳತೆಗೆ 0.7 ಸೆಂ.ಮೀ. ಕೂಡಿಸಿ. ಎರಡು ದಾಟಿದ ಮಗುವನ್ನು ಮಲಗಿಸಿ ಅಳೆದಿದ್ದರೆ ಅಷ್ಟನ್ನೇ ಕಳೆಯಿರಿ. ಈ ಸಣ್ಣ ತಿದ್ದುಪಡಿ ಬಿಟ್ಟರೆ ಗಡಿಯಲ್ಲಿರುವ ಮಗು ಬೆಳವಣಿಗೆಯ ಪಟ್ಟಿಯಲ್ಲಿ ತಪ್ಪು ಬಣ್ಣಕ್ಕೆ ಬೀಳುತ್ತದೆ.

ತೋಳಿನ ಅಳತೆಗೆ ಎಡಗೈ. ಭುಜದ ತುದಿಗೂ ಮೊಣಕೈ ತುದಿಗೂ ನಡುವಿನ ಜಾಗ ಗುರುತು ಮಾಡಿ, ಕೈಯನ್ನು ಸಡಿಲ ಬಿಡಿಸಿ, ಟೇಪನ್ನು ಬಿಗಿಯದೆ ಸುತ್ತಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರೊಳಗಿದ್ದರೆ ಮಧ್ಯಮ. ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟಾಗ ಗುಳಿ ಉಳಿದರೆ ಅಳತೆ ಎಷ್ಟೇ ಇರಲಿ, ಅದೇ ದಿನ ಆಸ್ಪತ್ರೆಗೆ. ಹಿಂದಿನ ತಿಂಗಳ ತೂಕಕ್ಕೆ ಇನ್ನೂರು ಗ್ರಾಂ ಸೇರಿಸಿ ಬರೆಯುವ ಅಭ್ಯಾಸ ಎಲ್ಲಾದರೂ ಇದ್ದರೆ ನಿಲ್ಲಿಸಿ. ಕಾಗದದ ಮೇಲೆ ಬೆಳೆಯುತ್ತಿರುವ ಮಗುವಿಗೆ ಪೌಷ್ಟಿಕ ಪುನರ್ವಸತಿ ಕೇಂದ್ರದ ಹಾಸಿಗೆ ಸಿಗುವುದಿಲ್ಲ.

ಕಾಯಿಲೆ

ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ, ಭೇದಿ-ವಾಂತಿ ನಿಲ್ಲದಿದ್ದರೆ ಮಗು ಮನೆಯಲ್ಲಿರಲಿ. ಸೀತಾಳೆ ಸಿಡುಬು (ಅಮ್ಮ, ಚಿಕನ್‌ಪಾಕ್ಸ್) ಆದರೆ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ, ದಡಾರವಾದರೆ ದದ್ದು ಎದ್ದ ಮೇಲೆ ನಾಲ್ಕು ದಿನ. ತಲೆಯಲ್ಲಿ ಹೇನಿದೆ ಎಂದು ವಾಪಸ್ ಕಳಿಸಬೇಡಿ, ತಾಯಿಯ ಒಂದು ದಿನದ ಕೂಲಿ ಹೋಗುತ್ತದೆ.

ಭೇದಿಗೆ ಒಆರ್‌ಎಸ್ ಒಂದು ಪೂರ್ತಿ ಪೊಟ್ಟಣವನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ಅರ್ಧ ಪೊಟ್ಟಣ ಅರ್ಧ ಲೀಟರಿಗೆ ಎಂದು ಅಂದಾಜು ಮಾಡಿದರೆ ಉಪ್ಪಿನ ಪ್ರಮಾಣ ಕೆಡುತ್ತದೆ. 24 ಗಂಟೆ ಕಳೆದದ್ದನ್ನು ಚೆಲ್ಲಿ. ಎರಡು ವರ್ಷದೊಳಗಿನವರಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ, ದೊಡ್ಡವರಿಗೆ 100ರಿಂದ 200 ಮಿಲಿ, ಚಮಚ ಚಮಚವಾಗಿ. ನೆಲದ ಮೇಲಿನ ಮಲ, ವಾಂತಿ ಒರೆಸಲು ಒಂದು ಲೀಟರ್ ನೀರಿಗೆ 15 ಗ್ರಾಂ ಬ್ಲೀಚಿಂಗ್ ಪುಡಿ, ಮಕ್ಕಳನ್ನು ದೂರ ಕಳಿಸಿ, ಕಿಟಕಿ ತೆರೆದು.

ಮನೆಯಿಂದ ಬಂದ ಔಷಧಿಯನ್ನು ವೈದ್ಯರ ಚೀಟಿ ಇಲ್ಲದೆ ಕೊಡಬೇಡಿ. ಕೊಟ್ಟರೆ ಯಾವ ಔಷಧಿ, ಎಷ್ಟು, ಎಷ್ಟು ಗಂಟೆಗೆ, ಯಾರು ಕೊಟ್ಟದ್ದು ಎಂದು ಬರೆದು ಸಂಜೆ ತಾಯಿಗೆ ಓದಿ ಹೇಳಿ.

ದುಡ್ಡಿನ ಲೆಕ್ಕ

ಮಂಜೂರಾತಿ ಆದೇಶದಲ್ಲಿ ಯಾವ ಬಾಬತ್ತಿಗೆ ಎಷ್ಟು ಎಂದಿದೆಯೋ ಅಷ್ಟೇ. ಆಹಾರದ ಹಣದಲ್ಲಿ ಬಾಡಿಗೆ ಕಟ್ಟಿ, ಬಾಡಿಗೆ ಬಂದ ಮೇಲೆ ಆಹಾರಕ್ಕೆ ಸೇರಿಸುತ್ತೇವೆ ಎನ್ನುವುದು ಸಲೀಸಾಗಿ ಕಾಣುತ್ತದೆ. ನಿಯಮದ ಕಣ್ಣಿನಲ್ಲಿ ಅದು ಹಣದ ದುರ್ಬಳಕೆ. ಅನುದಾನ ತಡವಾಗಿ ಬರುವುದು ಇದ್ದದ್ದೇ. ಅಂಗಡಿಯಿಂದ ಸಾಲ ತಂದರೆ ಸಾಲ ತಂದ ದಿನಾಂಕದ್ದೇ ಬಿಲ್ ತೆಗೆದುಕೊಳ್ಳಿ, ಬಾಕಿ ಎಂದು ವಹಿಯಲ್ಲಿ ತೋರಿಸಿ, ಹಣ ಬಂದ ದಿನ ಅಂಗಡಿಯವನ ಖಾತೆಗೆ ಹಾಕಿ. ಹಿಂದಿನ ದಿನಾಂಕ ಹಾಕಿಸಿದ ಬಿಲ್‌ಗಳು ಆಡಿಟ್‌ನಲ್ಲಿ ಮೊದಲು ಸಿಕ್ಕಿಬೀಳುತ್ತವೆ, ಏಕೆಂದರೆ ಬಿಲ್ ನಂಬರಿನ ಸರಣಿಯೂ ದಿನಾಂಕವೂ ಹೊಂದುವುದಿಲ್ಲ.

ಸಂಸ್ಥೆಯೊಂದು ಅನುದಾನ ಪಡೆದು ನಡೆಸುತ್ತಿದ್ದರೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ. ಅನುದಾನದ ಮೇಲೆ ಬ್ಯಾಂಕ್ ಕೊಟ್ಟ ಬಡ್ಡಿ ಸಂಸ್ಥೆಯದ್ದಲ್ಲ, ಲೆಕ್ಕ ಮುಗಿದ ಮೇಲೆ ಸರ್ಕಾರಕ್ಕೆ ಕಟ್ಟಬೇಕು. ಅನುದಾನದಲ್ಲಿ ಕೊಂಡ ತೊಟ್ಟಿಲು, ಫ್ರಿಜ್, ಜೋಕಾಲಿಗೆ ಆಸ್ತಿ ವಹಿ ಬೇಕು, ಒಪ್ಪಿಗೆಯಿಲ್ಲದೆ ಅವನ್ನು ಮಾರುವಂತಿಲ್ಲ. ಹಣ ಬಳಕೆ ಪ್ರಮಾಣಪತ್ರ 12-ಎ ನಮೂನೆಯಲ್ಲಿ, ಹಣಕಾಸು ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ. ಅಷ್ಟು ದಿನ ಕಾಯಬೇಡಿ. ಏಪ್ರಿಲ್‌ನಲ್ಲೇ ಕಳಿಸಿ, ಹಿಂದಿನದರ ಲೆಕ್ಕ ಕೊಡದವರ ಮುಂದಿನ ಕಂತು ಅಲ್ಲೇ ನಿಲ್ಲುತ್ತದೆ.

ಗೌರವಧನ ನೇರ ಅವರವರ ಬ್ಯಾಂಕ್ ಖಾತೆಗೆ. ಪೂರ್ತಿ ಮೊತ್ತಕ್ಕೆ ಸಹಿ ಹಾಕಿಸಿಕೊಂಡು ಒಂದು ಪಾಲನ್ನು 'ಸಂಸ್ಥೆಯ ಖರ್ಚಿಗೆ' ಹಿಡಿದುಕೊಳ್ಳುವುದು ಅಪರಾಧ. ಆ ಹೆಣ್ಣುಮಕ್ಕಳಿಗೆ ಸಿಗುವುದೇ ಕಡಿಮೆ.

ತಾಯಂದಿರಿಂದ ಶುಲ್ಕದ ವಿಷಯ. ರಾಷ್ಟ್ರೀಯ ಕ್ರೆಶ್ ಯೋಜನೆಯ ಕಾಲದಲ್ಲಿ ಬಡತನ ರೇಖೆಗಿಂತ ಕೆಳಗಿನವರಿಗೆ ತಿಂಗಳಿಗೆ 20 ರೂಪಾಯಿ, ಮನೆಯ ಆದಾಯ ತಿಂಗಳಿಗೆ 12,000ದವರೆಗಿದ್ದರೆ 100, ಅದಕ್ಕೂ ಮೇಲಿದ್ದರೆ 200 ಎಂದಿತ್ತು. ಆ ಹಳೆಯ ದರ ನೆನಪಿಟ್ಟುಕೊಂಡು ಈಗ ವಸೂಲಿ ಮಾಡಬೇಡಿ. ನಿಮ್ಮ ಈಗಿನ ಆದೇಶದಲ್ಲಿ ಶುಲ್ಕವಿದ್ದರೆ ಅಷ್ಟನ್ನೇ, ರಸೀದಿ ಕೊಟ್ಟು. ಹಬ್ಬದ ಬಟ್ಟೆಗೆ, ವಾರ್ಷಿಕೋತ್ಸವಕ್ಕೆ ಎಂದು ಚಂದಾ ಎತ್ತುವುದು ಬೇಡ. ಕೊಡಲಾಗದ ತಾಯಿ ಮಾತಾಡದೆ ಮಗುವನ್ನು ಬಿಡಿಸಿಬಿಡುತ್ತಾಳೆ.

ಮಗುವಿನ ಮೈಮೇಲೆ ಗಾಯ ಕಂಡಾಗ

ಬೆಳಿಗ್ಗೆ ಮಗು ಒಳಗೆ ಬರುವಾಗಲೇ ಕೈಕಾಲು, ಮುಖ ಒಮ್ಮೆ ನೋಡಿ. ಗಾಯ, ಬರೆ, ಬಾವು ಇದ್ದರೆ ತಾಯಿಯ ಎದುರಿಗೇ ಬರೆದಿಡಿ. ಕೇಂದ್ರದಲ್ಲೇ ಬಿದ್ದಿದ್ದರೂ ಹಾಗೆಯೇ ಬರೆದು ಸಂಜೆ ತಿಳಿಸಿ, ಮುಚ್ಚಿಡಬೇಡಿ. ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ವಿಚಾರಣೆ ಮಾಡುವುದು ನಿಮ್ಮ ಕೆಲಸವಲ್ಲ. ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸದೆ, ಅದು ತಾನಾಗಿ ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದು ಪೊಲೀಸರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ತಿಳಿಸಲೇಬೇಕು. ತನ್ನ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 21ನೇ ಕಲಂ ಅಡಿ ಒಂದು ವರ್ಷದವರೆಗೆ ಜೈಲು ಇದೆ. ಊರ ಹಿರಿಯರು ಕೂತು ಬಗೆಹರಿಸೋಣ ಎಂದರೆ ಒಪ್ಪಬೇಡಿ.

ಮಗು ಬಿಟ್ಟು ಹೋಗುವಾಗ

ಆರು ತುಂಬಿ ಶಾಲೆಗೆ ಹೋದರೂ, ತಾಯಿ ಬೇರೆ ಊರಿಗೆ ವಲಸೆ ಹೋದರೂ ಬೆಳವಣಿಗೆಯ ಪಟ್ಟಿ, ಲಸಿಕೆಯ ವಿವರದ ಪ್ರತಿಯನ್ನು ಕೈಗೆ ಕೊಟ್ಟು ಕಳಿಸಿ. ಕಬ್ಬು ಕಡಿಯಲು, ಇಟ್ಟಿಗೆ ಗೂಡಿಗೆ ಹೋಗುವ ಕುಟುಂಬಗಳಿಗೆ ಹೋದ ಊರಿನ ಅಂಗನವಾಡಿಯಲ್ಲಿ ಅದೇ ಆಧಾರವಾಗುತ್ತದೆ. ಪೋಷಣ್ ಟ್ರ್ಯಾಕರ್‌ನಲ್ಲಿ ವಲಸೆಯ ನಮೂದನ್ನು ಅದೇ ದಿನ ಮಾಡಿ. ಇಲ್ಲಿ ಹೆಸರು ಉಳಿದಿದ್ದರೆ ಅಲ್ಲಿ ಸೇರಿಸಲು ತೊಡಕಾಗುತ್ತದೆ, ಬಾಗಿಲಲ್ಲಿ ಕಾಯುತ್ತಿರುವ ಮುಂದಿನ ಮಗುವಿಗೆ ನಿಮ್ಮಲ್ಲಿ ಜಾಗವೂ ತೆರವಾಗುವುದಿಲ್ಲ.